ಬರ್ಬನ್ ಬಾಟಲಿಯ ಮೇಣದ ಮುದ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕತ್ತಿನ ತುಂಬ ಮೇಣ ಇಳಿಬಿಟ್ಟುಕೊಂಡ ಬರ್ಬನ್ ಬಾಟಲಿ ಮನೆಗೆ ಬಂದಾಗ ಮೊದಲು ಬರುವ ಮಾತು, "ಎಷ್ಟು ಚೆನ್ನಾಗಿದೆ!" ಸ್ವಲ್ಪ ಹೊತ್ತಿಗೆ ಬರುವುದು, "ಇದನ್ನ ತೆಗೆಯೋದು ಹೇಗಪ್ಪಾ?" ಈ ಎರಡು ಮಾತುಗಳ ನಡುವೆ ಹುಟ್ಟುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ.

ಮೊದಲಿಗೆ, ಬರ್ಬನ್ ಅಂದರೆ ಯಾವ ವಿಸ್ಕಿ?

ಅಮೆರಿಕದ ವಿಸ್ಕಿ. ಬಳಸುವ ಧಾನ್ಯದಲ್ಲಿ ನೂರಕ್ಕೆ ಕನಿಷ್ಠ 51 ಪಾಲು ಮೆಕ್ಕೆಜೋಳ ಇರಬೇಕು. ಒಳಗೆ ಸುಟ್ಟು ಕಪ್ಪು ಮಾಡಿದ ಹೊಸ ಓಕ್ ಮರದ ಪೀಪಾಯಿಯಲ್ಲೇ ಇಡಬೇಕು. ಬಾಟಲಿಗೆ ತುಂಬುವಾಗ ಮದ್ಯಸಾರ ಶೇಕಡಾ 40ಕ್ಕಿಂತ ಕಡಿಮೆ ಇರಬಾರದು. ಇದು ಅಮೆರಿಕದ್ದೇ ಪೇಯ ಎಂದು ಅಲ್ಲಿನ ಸಂಸತ್ತು 1964ರಲ್ಲಿ ನಿರ್ಣಯ ಮಾಡಿತು. ಹೆಚ್ಚಿನದು ಕೆಂಟಕಿಯಲ್ಲಿ ತಯಾರಾಗುತ್ತದೆ. ಬೇರೆ ರಾಜ್ಯಗಳಲ್ಲೂ ಮಾಡಬಹುದು. ಮೇಣದ ಬಗ್ಗೆ ಕಾನೂನಿನಲ್ಲಿ ಒಂದು ಮಾತೂ ಇಲ್ಲ.

ಬಾಟಲಿಗೆ ಮೇಣ ಹಾಕುವ ಅಭ್ಯಾಸ ಎಲ್ಲಿಂದ ಬಂತು?

ಇದು ಬರ್ಬನ್‌ನವರು ಕಂಡುಹಿಡಿದದ್ದಲ್ಲ. ಯುರೋಪಿನ ವೈನ್, ಪೋರ್ಟ್ (ಪೋರ್ಚುಗಲ್‌ನ ಸಿಹಿ ವೈನ್), ಕೋನ್ಯಾಕ್ (ಫ್ರಾನ್ಸಿನ ಬ್ರಾಂದಿ) ಬಾಟಲಿಗಳಿಗೆ ಮೇಣ ಹಾಕುವ ರೂಢಿ ಅದಕ್ಕೂ ಮೊದಲೇ ಇತ್ತು. ಆದರೆ ಬರ್ಬನ್ ಎಂದ ತಕ್ಷಣ ಕೆಂಪು ಮೇಣ ಕಣ್ಣ ಮುಂದೆ ಬರುವ ಹಾಗೆ ಮಾಡಿದವರು ಮಾರ್ಜಿ ಸ್ಯಾಮ್ಯುಯೆಲ್ಸ್.

1953ರಲ್ಲಿ ಅವರ ಗಂಡ ಬಿಲ್ ಸ್ಯಾಮ್ಯುಯೆಲ್ಸ್ ಕೆಂಟಕಿಯ ಲೊರೆಟ್ಟೊ ಊರಿನ ಹತ್ತಿರ ವಿಸ್ಕಿ ಬಟ್ಟಿ ಇಳಿಸುವ ಒಂದು ಹಳೆಯ ಡಿಸ್ಟಿಲರಿ ಕೊಂಡರು. ರೈ ಧಾನ್ಯದ ಬದಲು ಗೋಧಿ ಹಾಕಿ, ನಾಲಿಗೆಗೆ ಮೃದುವಾದ ವಿಸ್ಕಿ ಮಾಡುವುದು ಅವರ ಆಸೆ. ಒಳಗಿನ ವಿಸ್ಕಿ ಗಂಡನ ಪಾಲಿಗೆ, ಹೊರಗಿನದೆಲ್ಲ ಹೆಂಡತಿಯ ಪಾಲಿಗೆ. ಬಾಟಲಿಯ ಆಕಾರ, ಲೇಬಲ್, ಹೆಸರು, ಮೇಣ ಎಲ್ಲವೂ ಮಾರ್ಜಿಯವರ ತಲೆಯಿಂದಲೇ ಬಂದವು. ಅವರು ಹಳೆಯ ತವರದ ಪಾತ್ರೆಗಳನ್ನು ಕೂಡಿಡುತ್ತಿದ್ದರು. ಅಂಥ ಪಾತ್ರೆಗಳಲ್ಲಿ ಮಾಡಿದವನ ಗುರುತು ಒತ್ತಿರುತ್ತದೆ. ಅದೇ ಗುರುತು ಅವರ ವಿಸ್ಕಿಗೆ 'ಮೇಕರ್ಸ್ ಮಾರ್ಕ್' ಎಂಬ ಹೆಸರಾಯಿತು. ಕೋನ್ಯಾಕ್ ಬಾಟಲಿಗಳನ್ನೂ ಅವರು ಇಟ್ಟುಕೊಂಡಿದ್ದರು, ಮೇಣದ ಯೋಚನೆ ಅಲ್ಲಿಂದ ಹುಟ್ಟಿತು. ಮನೆಯ ಅಡುಗೆಮನೆಯಲ್ಲಿ, ಎಣ್ಣೆಯಲ್ಲಿ ಕರಿಯುವ ಪಾತ್ರೆಯಲ್ಲೇ ಮೇಣ ಕರಗಿಸಿ ಬಾಟಲಿ ಅದ್ದಿ ನೋಡಿದರು. 1958ರಲ್ಲಿ ಮೊದಲ ಬಾಟಲಿಗಳು ಮಾರಾಟಕ್ಕೆ ಬಂದವು. ಕೆಂಟಕಿ ಬರ್ಬನ್ ಹಾಲ್ ಆಫ್ ಫೇಮ್‌ನಲ್ಲಿ ಅವರ ಹೆಸರು ಸೇರಿದ್ದು 2014ರಲ್ಲಿ. ತೀರಾ ತಡವಾಯಿತು ಅನ್ನಿಸುತ್ತದೆ. ಆ ಕಂಪನಿಯ ವಿಸ್ಕಿ ಕುಡಿಯದವರೂ ಅದರ ಬಾಟಲಿಯನ್ನು ಗುರುತಿಸುತ್ತಾರಲ್ಲ, ಅದು ಈಕೆಯ ಕೆಲಸ.

ಇವತ್ತಿಗೂ ಲೊರೆಟ್ಟೊದಲ್ಲಿ ಬಾಟಲಿಗಳನ್ನು ಜನ ಕೈಯಿಂದಲೇ ಅದ್ದುತ್ತಾರೆ. ಅದ್ದಿ, ಎತ್ತಿ, ಸ್ವಲ್ಪ ತಿರುಗಿಸಿ ನೆಟ್ಟಗೆ ಇಡುತ್ತಾರೆ, ಮೇಣ ತನಗೆ ಬೇಕಾದ ಹಾಗೆ ಇಳಿಯುತ್ತದೆ. ಅದಕ್ಕೇ ಎರಡು ಬಾಟಲಿ ಒಂದೇ ಥರ ಇರುವುದಿಲ್ಲ.

ಮೇಣ ಹಾಕಿದ ಬಾಟಲಿಯ ವಿಸ್ಕಿ ರುಚಿ ಜಾಸ್ತಿಯೇ?

ಇಲ್ಲ. ವಿಸ್ಕಿ ಹಣ್ಣಾಗುವುದು ಪೀಪಾಯಿಯಲ್ಲಿ. ಗಾಜಿನ ಬಾಟಲಿಗೆ ಬಂದ ದಿನವೇ ಅದರ ವಯಸ್ಸು ನಿಂತಿತು. ಮೇಣ ಹಾಕಿ ಹತ್ತು ವರ್ಷ ಕಪಾಟಿನಲ್ಲಿಟ್ಟರೂ ಆರು ವರ್ಷದ ವಿಸ್ಕಿ ಆರು ವರ್ಷದ್ದೇ.

ಹಾಗಾದರೆ ಸುಮ್ನೆ ಅಲಂಕಾರವಾ?

ಬಹುಪಾಲು ಹೌದು, ಪೂರ್ತಿ ಅಲ್ಲ. ಕಾರ್ಕ್ ಬಿರಡೆ ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ. ವರ್ಷಗಟ್ಟಲೆ ಇಟ್ಟರೆ ಒಳಗಿನದು ಸ್ವಲ್ಪ ಸ್ವಲ್ಪವೇ ಆವಿಯಾಗಿ ಹೋಗುತ್ತದೆ. ಬಿರುಕಿಲ್ಲದ ಮೇಣ ಇದ್ದರೆ ಆ ಸೋರಿಕೆ ಕಡಿಮೆಯಾಗುತ್ತದೆ. ಹತ್ತು, ಇಪ್ಪತ್ತು ವರ್ಷ ಮುಟ್ಟದೆ ಇಡುವವರಿಗೆ ಇದು ಒಳ್ಳೆಯದೇ. ತಂದ ವಾರವೇ ತೆಗೆಯುವವರಿಗೆ ಇದರಿಂದ ಏನೂ ಲಾಭವಿಲ್ಲ. ಮುಚ್ಚಳ ತಿರುಪಿನದಾದರೆ ಲಾಭ ಇನ್ನೂ ಕಡಿಮೆ, ಏಕೆಂದರೆ ಒಳ್ಳೆಯ ತಿರುಪು ಮುಚ್ಚಳ ತಾನೇ ಬಿಗಿಯಾಗಿರುತ್ತದೆ.

ಇನ್ನೊಂದು ಉಪಯೋಗ ಇದೆ: ಬಾಟಲಿಯನ್ನು ಯಾರೂ ತೆಗೆದಿಲ್ಲ ಎಂದು ಮೇಣ ತೋರಿಸುತ್ತದೆ. ಮುರಿಯದೆ ಒಳಗಿನದು ಕೈಗೆ ಸಿಗದಂಥ ಮುದ್ರೆ ಸಣ್ಣ ಬಾಟಲಿಗಳ ಮೇಲೆ ಇರಬೇಕು ಎಂದು ಅಮೆರಿಕದ ನಿಯಮವೇ ಹೇಳುತ್ತದೆ. ಆದರೆ ಆ ಕೆಲಸವನ್ನು ನಾಲ್ಕು ಕಾಸಿನ ಪ್ಲಾಸ್ಟಿಕ್ ಸುತ್ತೂ ಮಾಡುತ್ತದೆ. ಮೇಣವನ್ನೇ ಹಾಕುವುದು ಕಣ್ಣಿಗಾಗಿ. ಅಂಗಡಿಯ ಕಪಾಟಿನಲ್ಲಿ ನೂರು ಕಂದು ಬಾಟಲಿಗಳ ನಡುವೆ ಕೈ ಅದರ ಕಡೆಗೆ ಹೋಗಬೇಕಲ್ಲ.

ಕೆಂಪು ಮೇಣಕ್ಕಾಗಿ ಕೋರ್ಟಿಗೆ ಹೋದದ್ದು ನಿಜವೇ?

ನಿಜ, ಅದೂ ವರ್ಷಗಟ್ಟಲೆ. ಮುಚ್ಚಳವನ್ನು ಮುಚ್ಚಿ, ಕತ್ತಿನ ಮೇಲೆ ಅಡ್ಡಾದಿಡ್ಡಿಯಾಗಿ ಇಳಿದಿರುವ ಮೇಣದಂಥ ಲೇಪವನ್ನು ಮೇಕರ್ಸ್ ಮಾರ್ಕ್ 1985ರಲ್ಲಿ ಟ್ರೇಡ್‌ಮಾರ್ಕ್ ಮಾಡಿಸಿತು. ಆ ನೋಂದಣಿಯಲ್ಲಿ ಬಣ್ಣದ ಮಾತೇ ಇರಲಿಲ್ಲ. 2001ರಲ್ಲಿ ಹೋಸೆ ಕ್ವೆರ್ವೊ ಎಂಬ ಟಕೀಲಾ ಕಂಪನಿ ತನ್ನ ದುಬಾರಿ 'ರೆಸೆರ್ವಾ ದೆ ಲಾ ಫಮಿಲಿಯಾ' ಬಾಟಲಿಯನ್ನು ಅಮೆರಿಕದಲ್ಲಿ ಮಾರತೊಡಗಿತು. ಅದರ ಕತ್ತಿನಲ್ಲೂ ಇಳಿಬಿದ್ದ ಕೆಂಪು ಮೇಣ. 2003ರಲ್ಲಿ ಮೇಕರ್ಸ್ ಮಾರ್ಕ್ ಕೇಸು ಹಾಕಿತು. 2010ರಲ್ಲಿ ಕೆಂಟಕಿಯ ಫೆಡರಲ್ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು, 2012ರ ಮೇ ತಿಂಗಳಲ್ಲಿ ಮೇಲ್ಮನವಿ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಇಳಿಬಿದ್ದ ಕೆಂಪು ಮೇಣ ಮೇಕರ್ಸ್ ಮಾರ್ಕ್‌ಗೆ ಮಾತ್ರ ಎಂದಾಯಿತು. ಬೇರೆ ಬಣ್ಣದ ಮೇಣವನ್ನು, ಅಂಚು ನೇರವಾಗಿ ಕತ್ತರಿಸಿದ ಮೇಣವನ್ನು ತಡೆಯಬೇಕೆಂದು ಅವರು ಕೇಳಿಯೂ ಇರಲಿಲ್ಲ. ಕ್ವೆರ್ವೊ ಅಷ್ಟರಲ್ಲಿ ನೇರ ಅಂಚಿನ ಮೇಣಕ್ಕೆ ಮರಳಿಯಾಗಿತ್ತು.

ಈ ಕೇಸಿನಲ್ಲಿ ನನಗೆ ಇಷ್ಟವಾದ ಸಂಗತಿ ಬೇರೆ. ಕೆಲಸಕ್ಕೆ ಬರುವ ಭಾಗವನ್ನು ಟ್ರೇಡ್‌ಮಾರ್ಕ್ ಮಾಡಲಾಗುವುದಿಲ್ಲ. ಕೊಡೆಯ ಹಿಡಿ ನನ್ನದೇ, ಬೇರೆಯವರು ಹಿಡಿ ಹಾಕಬಾರದು ಎನ್ನಲು ಬರುವುದಿಲ್ಲ. ಹಾಗಾಗಿ ಎದುರು ಪಕ್ಷ ಈ ಮೇಣ ಉಪಯೋಗದ ವಸ್ತು ಎಂದು ವಾದಿಸಿತು. ಕೋರ್ಟು ಒಪ್ಪಲಿಲ್ಲ. ಬಾಟಲಿ ಮುಚ್ಚಲು, ಚೆಂದ ಕಾಣಿಸಲು ಬೇರೆ ಎಷ್ಟೋ ದಾರಿಗಳಿವೆ ಎಂದಿತು. ಅಂದರೆ ಇಳಿಬಿದ್ದ ಮೇಣ ಬಾಟಲಿಯ ಕೆಲಸಕ್ಕೆ ಬೇಕಾದದ್ದಲ್ಲ, ಅದು ಗುರುತು ಮಾತ್ರ ಎಂದು ಕಾನೂನೇ ಹೇಳಿದಂತಾಯಿತು. "ಮೇಣ ಇದ್ದರೆ ವಿಸ್ಕಿ ಕೆಡೋದಿಲ್ಲವಂತೆ" ಎಂದು ಯಾರಾದರೂ ಉಪದೇಶ ಮಾಡಿದರೆ ಈ ತೀರ್ಪು ನೆನಪಿಸಿ.

ಇದು ಜೇನುಮೇಣವೇ, ಅರಗೇ?

ಈಗಿನ ಬಾಟಲಿಗಳಲ್ಲಿ ಸಾಮಾನ್ಯವಾಗಿ ಎರಡೂ ಅಲ್ಲ. ಮೇಣಕ್ಕೆ ಪ್ಲಾಸ್ಟಿಕ್ ಜಾತಿಯ ವಸ್ತು ಬೆರೆಸಿರುತ್ತಾರೆ. ಟ್ರೇಡ್‌ಮಾರ್ಕ್ ಕಾಗದದಲ್ಲೂ 'ಮೇಣದಂಥ' ಎಂದೇ ಬರೆದಿರುವುದನ್ನು ಗಮನಿಸಿ. ಬರೀ ಜೇನುಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ, ಬಿಸಿಲಲ್ಲಿ ನಿಂತ ಲಾರಿಯಲ್ಲಿ ಮೆತ್ತಗಾಗಿ ಪಕ್ಕದ ಬಾಟಲಿಗೆ ಅಂಟಿಕೊಳ್ಳುತ್ತದೆ. ಬರೀ ಅರಗು ತಟ್ಟಿದರೆ ಪುಡಿಯಾಗುತ್ತದೆ. ಬೆರಕೆ ಮಾಡಿದರೆ ಬಾಗುತ್ತದೆ, ಸಿಪ್ಪೆಯ ಹಾಗೆ ಸುಲಿದು ಬರುತ್ತದೆ.

ಅರಗಿನ ವಿಚಾರ ಬಂದಿತಲ್ಲ, ಅದು ನಮಗೆ ಹೊಸದಲ್ಲ. ಅರಗು ಎಂದರೆ ಮರದ ಕೊಂಬೆಯ ಮೇಲೆ ಸಣ್ಣ ಕೀಟಗಳು ಸುರಿಸುವ ಅಂಟು, ಭಾರತದಲ್ಲಿ ಹಿಂದಿನಿಂದಲೂ ತೆಗೆಯುತ್ತಾರೆ. ಚನ್ನಪಟ್ಟಣದ ಗೊಂಬೆಗಳ ಹೊಳಪು ಅದರದೇ. ಯುರೋಪಿನ ಕಾಗದಪತ್ರಗಳ ಕೆಂಪು ಮುದ್ರೆಗೂ ಭಾರತದ ಅರಗು ಹೋಗುತ್ತಿತ್ತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ, ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್. ಚುನಾವಣೆಯ ಶಾಯಿಗೆ ಹೆಸರಾದ ಈ ಕಾರ್ಖಾನೆ ಮತಪೆಟ್ಟಿಗೆಗೆ ಹಾಕುವ ಮುದ್ರೆಯ ಅರಗನ್ನೂ ಮಾಡಿಕೊಟ್ಟಿದೆ. ಅಂಚೆ ಕಚೇರಿಯಲ್ಲಿ ಪಾರ್ಸೆಲ್‌ಗೆ ಅರಗು ಹಾಕಿಸಿ ಗೊತ್ತಿದ್ದವರಿಗೆ ಬರ್ಬನ್ ಬಾಟಲಿಯ ಗಟ್ಟಿ ಮೇಣದ ಚೂರು ಹೇಗೆ ಸಿಡಿಯುತ್ತದೆ ಎಂದು ಬೇರೆ ವಿವರಿಸಬೇಕಿಲ್ಲ.

ಮೇಕರ್ಸ್ ಮಾರ್ಕ್ ಬಾಟಲಿ ತೆಗೆಯುವುದು ಹೇಗೆ?

ಚಾಕು ಹುಡುಕಬೇಡಿ. ಮೇಣದ ಅಡಿಯಲ್ಲಿ ಒಂದು ಪಟ್ಟಿ ಸುತ್ತಿರುತ್ತದೆ, ಅದರ ತುದಿ ಕತ್ತಿನ ಹತ್ತಿರ ಹೊರಗೆ ಚಾಚಿಕೊಂಡಿರುತ್ತದೆ. ತುದಿ ಹಿಡಿದು ಸುತ್ತಲೂ ಎಳೆಯಿರಿ. ಮೇಣ ಎರಡಾಗಿ ಸೀಳುತ್ತದೆ, ಮೇಲಿನ ಭಾಗ ಟೋಪಿಯ ಹಾಗೆ ಮುಚ್ಚಳದ ಜೊತೆಗೇ ಬರುತ್ತದೆ. ತುದಿಯ ಮೇಲೆ ಮೇಣ ಜಾಸ್ತಿ ಇಳಿದು ಕಾಣದಿದ್ದರೆ ಉಗುರಿನಿಂದ ಕೆರೆದು ನೋಡಿ, ಅಲ್ಲೇ ಎಲ್ಲೋ ಇರುತ್ತದೆ.

ಪಟ್ಟಿಯೇ ಇಲ್ಲದ ಬಾಟಲಿ ಬಂದರೆ?

ನಿಜವಾದ ತಲೆನೋವು ಇಲ್ಲಿಂದ ಶುರು. ಸಣ್ಣ ಡಿಸ್ಟಿಲರಿಗಳು 'ಕೈಯಿಂದ ಮಾಡಿದ್ದು' ಅನ್ನಿಸಲಿ ಎಂದು ದಪ್ಪ ಮೇಣ ಹಾಕುತ್ತಾರೆ. ತೆಗೆಯುವವರ ಗತಿ ಏನು ಎಂದು ಯೋಚಿಸಿರುವುದಿಲ್ಲ. ಏನು ಮಾಡಬಹುದು?

ಮೊದಲು ಒಳಗೆ ಯಾವ ಮುಚ್ಚಳ ಇದೆ ನೋಡಿ. ಮೇಣದ ಮೇಲಿನಿಂದಲೇ ಆಕಾರ ಗೊತ್ತಾಗುತ್ತದೆ. ತಿರುಪಿನದಾದರೆ ಬಾಟಲಿಯನ್ನು ಗಟ್ಟಿಯಾಗಿ ಹಿಡಿದು, ಮುಚ್ಚಳವನ್ನು ಬಟ್ಟೆಯಿಂದ ಹಿಡಿದು ಒಂದೇ ಸಲ ಜೋರಾಗಿ ತಿರುಗಿಸಿ. ಮುಚ್ಚಳದ ಅಂಚಿನಲ್ಲಿ ಮೇಣ ತಾನೇ ಮುರಿಯುತ್ತದೆ. ಎಷ್ಟೋ ಜನ ಇದನ್ನು ಮಾಡಿ ನೋಡದೆ ಚಾಕುವಿಗೆ ಕೈ ಹಾಕುತ್ತಾರೆ.

ತಲೆ ಅಗಲವಿರುವ ಕಾರ್ಕ್ ಬಿರಡೆಯಾದರೆ, ಆ ತಲೆಯೂ ಗಾಜೂ ಸೇರುವ ಗೆರೆ ಎಲ್ಲಿದೆ ಎಂದು ಬೆರಳಿನಿಂದ ಮುಟ್ಟಿ ತಿಳಿಯಿರಿ. ಬಾಟಲಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಆ ಗೆರೆಯುದ್ದಕ್ಕೂ ಸಣ್ಣ ಚಾಕುವಿನಿಂದ ಸುತ್ತಲೂ ಗೀರಿ. ಒಂದೇ ಏಟಿಗೆ ಆಳವಾಗಿ ಕೊಯ್ಯಬೇಡಿ, ಮೂರು ನಾಲ್ಕು ಸುತ್ತು ಹಗುರವಾಗಿ ಬನ್ನಿ. ಚಾಕು ನಿಮ್ಮ ಕೈಯ ಕಡೆಗೆ ಬರದಂತೆ ಬಾಟಲಿಯನ್ನೇ ತಿರುಗಿಸಿ. ಮೇಣ ನಯವಾಗಿರುತ್ತದೆ, ಚಾಕು ಜಾರಿ ಹೆಬ್ಬೆರಳಿಗೆ ಬರುವುದು ಕ್ಷಣದ ಮಾತು. ಗೀರಿದ ಮೇಲೆ ಬಿರಡೆಯನ್ನು ತಿರುಗಿಸುತ್ತಾ ಮೇಲಕ್ಕೆ ಎತ್ತಿ. ನೇರವಾಗಿ ಎಳೆದರೆ ಒಣಗಿದ ಕಾರ್ಕ್ ನಡುವೆ ಮುರಿಯಬಹುದು, ಆಗ ಅರ್ಧ ಬಿರಡೆ ಒಳಗೇ ಉಳಿಯುತ್ತದೆ.

ಮೇಣ ಮೆತ್ತಗಿನ ಜಾತಿಯದಾದರೆ ಕತ್ತಿಗೆ ಬಿಸಿನೀರಲ್ಲಿ ಹಿಂಡಿದ ಬಟ್ಟೆ ಸುತ್ತಿ ಒಂದೆರಡು ನಿಮಿಷ ಬಿಡಿ, ಸಿಪ್ಪೆಯಂತೆ ಸುಲಿಯುತ್ತದೆ. ಪುಡಿಯಾಗುವ ಗಟ್ಟಿ ಮೇಣಕ್ಕೆ ಬಿಸಿ ಮಾಡಿದರೆ ಎಳೆ ಎಳೆಯಾಗಿ ಅಂಟುತ್ತದೆ. ಅದನ್ನು ತಣ್ಣಗೇ ಒಡೆದು, ಒದ್ದೆ ಬಟ್ಟೆಯಿಂದ ಬಾಯಿ ಒರೆಸಿ, ಆಮೇಲೆ ಬಿರಡೆ ತೆಗೆಯುವುದು ಮೇಲು. ಕೆಳಗೆ ಒಂದು ಹಳೆಯ ಪೇಪರ್ ಹಾಸಿಕೊಳ್ಳಿ. ಇಲ್ಲದಿದ್ದರೆ ವಾರವಾದರೂ ನೆಲದಲ್ಲಿ ಚೂರುಗಳು ಸಿಗುತ್ತಿರುತ್ತವೆ.

ಲೈಟರ್‌ನಿಂದ ಕರಗಿಸಿದರೆ ಬೇಗ ಆಗುತ್ತದಲ್ವಾ?

ಬೇಡ. ಬುಕರ್ಸ್‌ನಂಥ ಬರ್ಬನ್‌ಗಳು ಪೀಪಾಯಿಯಿಂದ ನೀರು ಬೆರೆಸದೆ ಬಾಟಲಿಗೆ ಬರುತ್ತವೆ. ಅವುಗಳಲ್ಲಿ ಮದ್ಯಸಾರ ಶೇಕಡಾ 60 ದಾಟುತ್ತದೆ. ಅವುಗಳ ಕತ್ತಿಗೂ ಮೇಣ ಇರುತ್ತದೆ. ಬಿರಡೆ ಸ್ವಲ್ಪ ಸಡಿಲವಾಗಿದ್ದರೂ ಹೊರಗೆ ಬರುವ ಆವಿಗೆ ಬೆಂಕಿ ಹತ್ತುತ್ತದೆ. ಬಿಸಿಗೆ ಗಾಜು ಬಿರುಕು ಬಿಡುವ ಭಯ ಬೇರೆ.

ಮೇಣದ ಚೂರು ವಿಸ್ಕಿಯೊಳಗೆ ಬಿತ್ತು. ಕುಡಿಯಬಹುದಾ?

ಈಗಿನ ಬಾಟಲಿಯಾದರೆ ಗಾಬರಿ ಬೇಡ. ಚಹಾ ಸೋಸುವ ಜರಡಿಯಲ್ಲಿ, ಇಲ್ಲವೇ ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ ಬೇರೆ ಪಾತ್ರೆಗೆ ಹಾಕಿ, ಬಾಟಲಿ ತೊಳೆದು ಒಣಗಿಸಿ ಮತ್ತೆ ತುಂಬಿ. ಆದರೆ ಚಾಕುವಿನಿಂದ ಮೀಟುವಾಗ ಬಾಟಲಿಯ ಬಾಯಿ ಸ್ವಲ್ಪವಾದರೂ ಚಕ್ಕೆ ಎದ್ದಿದ್ದರೆ ಬಿದ್ದದ್ದು ಬರೀ ಮೇಣ ಎಂದುಕೊಳ್ಳಬೇಡಿ. ಗಾಜು ಬಿದ್ದಿರುವ ಅನುಮಾನ ಇದ್ದರೆ ಚೆಲ್ಲುವುದೇ ಸರಿ, ಎಷ್ಟೇ ದುಬಾರಿಯಾದರೂ.

ತೀರಾ ಹಳೆಯ ಬಾಟಲಿಯ ಮಾತು ಬೇರೆ. ಹಿಂದಿನ ಕಾಲದ ಕೆಂಪು ಅರಗಿಗೆ ಪಾದರಸ ಸೇರಿದ ಬಣ್ಣ ಬಳಸುತ್ತಿದ್ದರು. ಅಂಥದ್ದನ್ನು ತೆಗೆಯುವವರು ಚೂರು ಒಳಗೆ ಬೀಳದಂತೆ ಮೊದಲೇ ಎಚ್ಚರ ವಹಿಸಬೇಕು.

ಬಾರ್‌ನವರಿಗೆ ಮೇಣ ಕಂಡರೆ ಯಾಕೆ ಆಗುವುದಿಲ್ಲ?

ಶನಿವಾರ ರಾತ್ರಿ ಕೌಂಟರ್ ಮುಂದೆ ಮೂರು ಸಾಲು ಜನ ನಿಂತಿರುವಾಗ ಬಾಟಲಿ ಖಾಲಿಯಾಗುತ್ತದೆ. ಹೊಸದು ತೆಗೆಯಬೇಕು. ತಿರುಪು ಮುಚ್ಚಳವಾದರೆ ಎರಡು ಸೆಕೆಂಡು. ಪಟ್ಟಿಯಿಲ್ಲದ ಮೇಣವಾದರೆ ಚಾಕು ಹುಡುಕಬೇಕು, ಗೀರಬೇಕು, ಒರೆಸಬೇಕು. ಚೂರು ಐಸ್ ಡಬ್ಬದೊಳಗೆ ಬಿದ್ದರೆ ಆ ಐಸ್ ಎಲ್ಲಾ ಎಸೆಯಬೇಕು. ಅದಕ್ಕೇ ಅನುಭವಸ್ಥರು ಬಾಗಿಲು ತೆರೆಯುವ ಮೊದಲೇ ಇಂಥ ಬಾಟಲಿಗಳ ಕತ್ತು ಬಿಡಿಸಿ ಇಟ್ಟುಕೊಳ್ಳುತ್ತಾರೆ.

ಮೇಣ ಇದ್ದರೆ ಅಸಲಿ ಮಾಲು ಎಂದು ನಂಬಬಹುದೇ?

ನಂಬಬೇಡಿ. ಬಾಟಲಿಗೆ ಹಾಕುವ ಮೇಣ ಎಲ್ಲ ಬಣ್ಣದಲ್ಲೂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಕರಗಿಸಿ ಅದ್ದಲು ಒಂದು ಪಾತ್ರೆ, ಒಂದು ಒಲೆ ಸಾಕು. ಖಾಲಿ ಬಾಟಲಿಗೆ ಅಗ್ಗದ್ದು ತುಂಬಿ ಮೇಣ ಹಾಕಿದರೆ ಒಳಗಿನ ಬಿರಡೆ ಹೇಗಿದೆ ಎಂಬುದೂ ಕಾಣುವುದಿಲ್ಲ. ಒಂದು ರೀತಿಯಲ್ಲಿ ಮೇಣ ಮೋಸಕ್ಕೆ ಅನುಕೂಲವೇ.

ಬಾಟಲಿಯ ವಿಷಯದಲ್ಲಿ ಸರ್ಕಾರಗಳು ಮೇಣವನ್ನೇ ನೆಚ್ಚಿಕೊಂಡು ಕೂರಲಿಲ್ಲ. ಅಮೆರಿಕದಲ್ಲಿ 1897ರ 'ಬಾಟಲ್ಡ್ ಇನ್ ಬಾಂಡ್' ಕಾಯಿದೆ ಬಂದಾಗ, ಸರ್ಕಾರದ ಉಸ್ತುವಾರಿಯಲ್ಲಿ ಇಟ್ಟು ತುಂಬಿದ ವಿಸ್ಕಿಯ ಮುಚ್ಚಳದ ಮೇಲೆ ಸರ್ಕಾರದ ಹಸಿರು ಕಾಗದದ ಪಟ್ಟಿ ಅಂಟಿಸತೊಡಗಿದರು. ಆ ಪಟ್ಟಿಗಳ ಕಾಲ ಮುಗಿದದ್ದು 1985ರಲ್ಲಿ. ಕರ್ನಾಟಕದಲ್ಲಿ ಅಂಗಡಿಯಿಂದ ಕೊಳ್ಳುವ ಬಾಟಲಿಯ ಮೇಲೂ ಅಬಕಾರಿ ಇಲಾಖೆಯ ಚೀಟಿ ಇರಬೇಕು, ನೋಡಬೇಕಾದದ್ದು ಅದನ್ನು. ಯಾರದೋ ಕೈಯಿಂದ ಕೊಳ್ಳುವ ದುಬಾರಿ ಹಳೆಯ ಬಾಟಲಿಯಾದರೆ ಮೇಣ ಬಿಟ್ಟು ಬೇರೆ ಎಲ್ಲವನ್ನೂ ನೋಡಿ: ವಿಸ್ಕಿ ಎಲ್ಲಿಯವರೆಗೆ ತುಂಬಿದೆ, ಲೇಬಲ್, ಗಾಜಿನ ಮೇಲಿನ ಅಚ್ಚು, ಮಾರುವವರು ಯಾರು.

ಮೇಣದಲ್ಲಿ ಬಿರುಕು ಬಂದಿದೆ. ವಿಸ್ಕಿ ಹಾಳಾಯಿತೇ?

ಇಲ್ಲ. ಒಳಗಿನ ಬಿರಡೆ ಬಿಗಿಯಾಗಿದ್ದರೆ ಏನೂ ಆಗಿರುವುದಿಲ್ಲ. ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿಡಿ. ವೈನ್‌ನಂತೆ ಮಲಗಿಸಿದರೆ ಮದ್ಯಸಾರ ಕಾರ್ಕ್ ಅನ್ನು ತಿಂದುಹಾಕುತ್ತದೆ. ಬಿರುಕಿನ ಸುತ್ತ ಅಂಟಂಟಾಗಿದ್ದರೆ ಸೋರುತ್ತಿದೆ ಎಂದರ್ಥ, ತೆಗೆದು ಕುಡಿದು ಮುಗಿಸಿ.

ಆದರೆ ಮಾರುವ ಯೋಚನೆ ಇದ್ದರೆ ಬಿರುಕು ಬೆಲೆ ಇಳಿಸುತ್ತದೆ. ಸಂಗ್ರಹ ಮಾಡುವವರ ಲೋಕವೇ ವಿಚಿತ್ರ. ಮೇಣದ ಪಾತ್ರೆಯಲ್ಲಿ ಕೈತಪ್ಪಿ ಜಾಸ್ತಿ ಮುಳುಗಿ, ಭುಜದವರೆಗೂ ಮೇಣ ಬಳಿದುಕೊಂಡ ಮೇಕರ್ಸ್ ಮಾರ್ಕ್ ಬಾಟಲಿಗೆ ಅಲ್ಲಿ 'ಸ್ಲ್ಯಾಮ್ ಡಂಕ್' ಎಂಬ ಹೆಸರಿದೆ, ಅದನ್ನು ಹುಡುಕಿಕೊಂಡು ಹೋಗುವವರೂ ಇದ್ದಾರೆ. ಒಳಗಿನ ವಿಸ್ಕಿ ಎಲ್ಲ ಬಾಟಲಿಯದ್ದೇ!

ತೆಗೆದ ಮೇಲೆ ಮತ್ತೆ ಮೇಣ ಹಾಕಿ ಮುಚ್ಚಲೇ?

ಅಷ್ಟು ಶ್ರಮ ಬೇಕಿಲ್ಲ. ಒಮ್ಮೆ ತೆಗೆದರೆ ಗಾಳಿ ಒಳಗೆ ಹೋಗಿಯಾಯಿತು, ಹೊರಗಿನ ಮೇಣ ಅದನ್ನು ವಾಪಸು ಕಳಿಸುವುದಿಲ್ಲ. ಬಾಟಲಿ ಅರ್ಧಕ್ಕಿಂತ ಕೆಳಗೆ ಇಳಿದರೆ ಉಳಿದದ್ದನ್ನು ಸಣ್ಣ ಬಾಟಲಿಗೆ ಬಗ್ಗಿಸಿಡಿ. ಕೆಲವರು ಪ್ರಯೋಗಾಲಯದಲ್ಲಿ ಬಳಸುವ ಪ್ಯಾರಾಫಿಲ್ಮ್ ಎಂಬ ಹಿಗ್ಗುವ ಹಾಳೆಯನ್ನು ಕತ್ತಿಗೆ ಸುತ್ತುತ್ತಾರೆ. ತೆಗೆಯದ ಬಾಟಲಿಯ ಆವಿ ತಡೆಯಲೂ ಅದು ಒಳ್ಳೆಯದು. ನೋಡಲು ಮಾತ್ರ ಆಸ್ಪತ್ರೆಯ ಬ್ಯಾಂಡೇಜು.

ಅಮೆರಿಕದಲ್ಲಿರುವ ಅಣ್ಣ ಒಂದು ತರುತ್ತಾನೆ. ದಾರಿಯಲ್ಲಿ ಮೇಣ ಕರಗುತ್ತದಾ?

ವಿಮಾನದ ಸಾಮಾನಿನ ಗೂಡಿನಲ್ಲಿ ಕರಗುವಷ್ಟು ಸೆಕೆ ಇರುವುದಿಲ್ಲ. ಆದರೆ ಪೆಟ್ಟಿಗೆ ಎಸೆದಾಡುವಾಗ ಗಟ್ಟಿ ಮೇಣ ಒಡೆದು ಬಟ್ಟೆಯ ಮೇಲೆಲ್ಲ ಉದುರಬಹುದು. ಕತ್ತಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಕಾಲುಚೀಲದೊಳಗೆ ತೂರಿಸಿ, ಬಟ್ಟೆಗಳ ನಡುವೆ ಇಡಲು ಹೇಳಿ. ಮದ್ಯಸಾರ ಶೇಕಡಾ 24ರಿಂದ 70ರವರೆಗೆ ಇರುವ, ಅಂಗಡಿಯ ಮುದ್ರೆ ಒಡೆಯದ ಬಾಟಲಿಗಳನ್ನು ಒಬ್ಬರು ಚೆಕ್‌ಇನ್ ಸಾಮಾನಿನಲ್ಲಿ 5 ಲೀಟರ್ ತನಕ ಒಯ್ಯಲು ಅಮೆರಿಕದಲ್ಲಿ ಬಿಡುತ್ತಾರೆ. 70 ದಾಟಿದರೆ ಬಿಡುವುದಿಲ್ಲ. ಇಲ್ಲಿಗೆ ಬಂದು ಇಳಿದಾಗ ಸುಂಕವಿಲ್ಲದೆ ತರಬಹುದಾದದ್ದು 2 ಲೀಟರ್ ಮಾತ್ರ. ಇಲ್ಲೇ ಕೊಳ್ಳುವುದಾದರೆ, ಬರ್ಬನ್ ಮೇಲಿನ ಆಮದು ಸುಂಕವನ್ನು 2025ರ ಫೆಬ್ರವರಿಯಲ್ಲಿ ಶೇಕಡಾ 150ರಿಂದ 100ಕ್ಕೆ ಇಳಿಸಿದ್ದಾರೆ. ಆದರೂ ಅಗ್ಗ ಅನ್ನುವಂತಿಲ್ಲ.

ಕೊನೆಗೂ ನಿಮ್ಮ ಮತ ಏನು? ಮೇಣ ಬೇಕೇ, ಬೇಡವೇ?

ಪಟ್ಟಿ ಇದ್ದರೆ ಬೇಕು, ಇಲ್ಲದಿದ್ದರೆ ಬೇಡ. ನೋಡಲು ಚೆಂದ, ಉಡುಗೊರೆ ಕೊಡಲು ಚೆಂದ, ಎಳೆದಾಗ ಸೀಳುವ ಸದ್ದೂ ಚೆಂದ. ಮಾರ್ಜಿಯವರು ಮಾಡಿದ್ದನ್ನು ನಕಲು ಮಾಡುವವರು ಮೇಣವನ್ನು ನೋಡಿದರು, ಒಳಗಿನ ಪಟ್ಟಿಯನ್ನು ನೋಡಲಿಲ್ಲ. ಬೆಲೆ ಜಾಸ್ತಿ ಮಾಡಿ, ಮೇಣ ದಪ್ಪ ಮಾಡಿ, ಚಾಕು ನೀವೇ ತನ್ನಿ ಎಂದರೆ ಹೇಗೆ? ಒಂದೇ ಗುಣದ ಎರಡು ಬಾಟಲಿ ಎದುರಿಗಿದ್ದರೆ ನಾನು ಪಟ್ಟಿಯಿಲ್ಲದ ಮೇಣದ್ದನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳುತ್ತೇನೆ.

ಲೊರೆಟ್ಟೊಗೆ ಹೋದರೆ ನಾನೇ ಅದ್ದಬಹುದಂತೆ, ಹೌದೇ?

ಹೌದು. ಡಿಸ್ಟಿಲರಿಯ ಅಂಗಡಿಯಲ್ಲಿ ಬಾಟಲಿ ಕೊಂಡರೆ ಕರಗಿದ ಕೆಂಪು ಮೇಣದಲ್ಲಿ ನೀವೇ ಅದ್ದಬಹುದು. ಮೇಣ ಸುಡುವಷ್ಟು ಬಿಸಿ ಇರುತ್ತದೆ, ಏಪ್ರನ್, ಕೈಗವಸು ಅವರೇ ಕೊಡುತ್ತಾರೆ. ಬಾಟಲಿಯನ್ನು ತಲೆಕೆಳಗೆ ಹಿಡಿದು ಕತ್ತಿನವರೆಗೆ ಮುಳುಗಿಸಿ, ಎತ್ತಿ, ತಿರುಗಿಸಿ, ನಿಲ್ಲಿಸಬೇಕು. ನಿಲ್ಲಿಸಲು ಆತುರ ಮಾಡಿದರೆ ಮೇಣ ಉದ್ದಕ್ಕೆ ಇಳಿಯುತ್ತದೆ, ತಡ ಮಾಡಿದರೆ ಇಳಿಯುವುದೇ ಇಲ್ಲ. ವಿಮಾನ ಹತ್ತುವುದು ಅದೇ ದಿನವಾದರೆ ಮೇಣ ಚೆನ್ನಾಗಿ ಆರಿದ ಮೇಲೆಯೇ ಪೆಟ್ಟಿಗೆಗೆ ಹಾಕಿ.